ಟೆಂಟಿನ ಗೂಟ ಕಿತ್ತ ಮೇಲೆ

ಗುತ್ಯಮ್ಮನ ಆಡುಗಳು ನಾಟಕ ಕಂಪನಿಯ ಪೋಸ್ಟರ್ ತಿಂದದ್ದು ಒಂದು ಸೋಮವಾರ ಬೆಳಿಗ್ಗೆ. ಒಂದಲ್ಲ, ಹದಿನಾಲ್ಕು ಪೋಸ್ಟರ್. ಶಿಕಾರಿಪುರದ ಹಳೆ ಅಕ್ಕಿ ಗಿರಣಿಯ ಗೋಡೆಗೆ ಹಿಂದಿನ ಸಂಜೆಯಷ್ಟೇ ಅವನ್ನು ಅಂಟಿಸಿದ್ದರು. ಮೈದಾ ಹಿಟ್ಟಿನ ಅಂಟು ಇನ್ನೂ ಹಸಿಯಾಗಿತ್ತು. ಆಡುಗಳು ನಾಯಕಿಯ ಪಾದದಿಂದ ಶುರುಮಾಡಿ ಸೊಂಟದವರೆಗೆ ಮುಗಿಸಿದ್ದವು. ಅದಕ್ಕಿಂತ ಮೇಲೆ ಅವುಗಳ ಬಾಯಿಗೆ ಎಟುಕಿರಲಿಲ್ಲ.

ಇದು ನಲವತ್ತು ವರ್ಷಕ್ಕೂ ಹಿಂದಿನ ಮಾತು. ಗುತ್ಯಮ್ಮನಿಗೆ ಆಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಸೊರಬದ ಕಡೆಯ ಕುಪ್ಪಗಡ್ಡೆಯಲ್ಲಿ ಹುಟ್ಟಿದವಳು, ಶಿಕಾರಿಪುರದ ಅಂಚಿನಲ್ಲಿ ಕುರಿ ಹಟ್ಟಿ ಇಟ್ಟುಕೊಂಡಿದ್ದ ಕರಿಯಣ್ಣನನ್ನು ಮದುವೆಯಾಗಿ ಬಂದಿದ್ದಳು. ಎಂಬತ್ತು ಕುರಿ, ಒಂಬತ್ತು ಆಡು, ಒಂದು ನಾಯಿ. ಕುರಿ ಕಾಯುವುದು ಕರಿಯಣ್ಣನ ಪಾಲಿನ ಕೆಲಸ, ಆಡು ಗುತ್ಯಮ್ಮನ ಪಾಲಿನದು. ಹಾಗಾಗಿ ಆ ಸೋಮವಾರದ ತಪ್ಪು ಪೂರ್ತಿ ಅವಳದೇ ಆಯಿತು.

ಮಧ್ಯಾಹ್ನದ ಹೊತ್ತಿಗೆ ಕಂಪನಿಯ ಮ್ಯಾನೇಜರು ಹಟ್ಟಿಗೆ ಬಂದರು. ಜೊತೆಗೆ ಊರಿನಲ್ಲಿ ಪೋಸ್ಟರ್ ಅಂಟಿಸುವ ಪರಶುರಾಮ, ಕೈಯಲ್ಲಿ ಅಂಟಿನ ಬಕೆಟ್ಟು ಹಿಡಿದುಕೊಂಡೇ ಬಂದಿದ್ದ. ಮ್ಯಾನೇಜರು ಬೈಯಲಿಲ್ಲ. ನಾಳೆಯಿಂದ ಅಂಟಿಗೆ ಮೈಲುತುತ್ತ ಕಲಸಲು ಹೇಳಿದ್ದೇನೆ ಎಂದು ತಿಳಿಸಿದರು, ಅಷ್ಟೇ. ತಿಂದರೆ ಆಡಿಗೆ ಏನಾಗುತ್ತದೆ ಎಂದು ಗುತ್ಯಮ್ಮ ಕೇಳಿದಳು. ಮತ್ತೆ ತಿನ್ನುವುದಿಲ್ಲ ಎಂದರು ಮ್ಯಾನೇಜರು.

ಗುತ್ಯಮ್ಮ ಪರಶುರಾಮನ ಬಕೆಟ್ಟಿನೊಳಗೆ ಇಣುಕಿ ನೋಡಿದಳು.

"ಮೈಲುತುತ್ತ ಹಾಕಬ್ಯಾಡ್ರಿ. ನಾ ಕಾಯ್ತೀನಿ."

"ಆಡನ್ನ ಕಾದಿದ್ದು ನೋಡಿದ್ವಲ್ಲಮ್ಮ."

"ಆಡಲ್ರೀ. ಪೋಸ್ಟರ್ ಕಾಯ್ತೀನಿ."

ಮಾತು ಹಾಗೆ ಇತ್ಯರ್ಥವಾಯಿತು. ಕಂಪನಿ ವಾರಕ್ಕೆ ಎರಡು ನಾಟಕ ಬದಲಾಯಿಸುತ್ತಿತ್ತು. ಪರಶುರಾಮ ಹೊಸ ಪೋಸ್ಟರ್ ಅಂಟಿಸಿದ ಮಾರನೆಯ ಬೆಳಿಗ್ಗೆ ಗುತ್ಯಮ್ಮ ಗಿರಣಿಯ ಎದುರಿನ ಕಲ್ಲಿನ ಮೇಲೆ ಕೋಲು ಹಿಡಿದು ಕೂರುತ್ತಿದ್ದಳು. ಅಂಟು ಒಣಗಿ ಕಾಗದ ಗೋಡೆಗೆ ಕಚ್ಚಿಕೊಳ್ಳುವವರೆಗೆ ಏಳುತ್ತಿರಲಿಲ್ಲ. ಅವಳ ಆಡುಗಳಷ್ಟೇ ಅಲ್ಲ, ಊರಿನ ದನಗಳೂ ಆ ಗೋಡೆಯ ಹತ್ತಿರ ಸುಳಿಯುವುದು ನಿಂತಿತು. ಸುಮ್ಮನೆ ಕೂತವಳು ಎದುರಿಗಿದ್ದದ್ದನ್ನೇ ನೋಡಬೇಕಲ್ಲ, ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಕರಿಯಣ್ಣ ನಾಲ್ಕನೆಯ ಇಯತ್ತೆಯವರೆಗೆ ಕಲಿತಿದ್ದ. ಅವನು ಆ ದಾರಿಯಲ್ಲಿ ಬಂದಾಗ ಓದಿ ಹೇಳುತ್ತಿದ್ದ. ನಗೆಯ ನಾಟಕವಾಗಲಿ ದುಃಖದ ನಾಟಕವಾಗಲಿ, ಅವನು ಓದುತ್ತಿದ್ದ ಧಾಟಿ ಒಂದೇ. "ಬೀಗರ ಎತ್ತು ಬೆದರೀತು. ಹೊಟ್ಟೆ ಹುಣ್ಣಾಗುವಷ್ಟು ನಗು. ತಪ್ಪದೆ ನೋಡಿ." ಇಷ್ಟು ಓದಿ ಅವನು ಕುರಿಗಳ ಹಿಂದೆ ಹೋಗುತ್ತಿದ್ದ.

ಕಾದದ್ದಕ್ಕೆ ಮ್ಯಾನೇಜರು ಒಂದು ಪಾಸು ಕೊಟ್ಟರು. ಇಬ್ಬರಿಗೆ ಪುಕ್ಕಟೆ, ಮುಂದಿನ ಸಾಲು. ಗುತ್ಯಮ್ಮ ಅದನ್ನು ಬಳಸಲಿಲ್ಲ. ಆಟ ಶುರುವಾಗುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಕುರಿ ಹಟ್ಟಿಗೆ ಸೇರುವುದೂ, ಮರಿಗಳನ್ನು ತಾಯಿಗೆ ಬಿಡುವುದೂ, ಹಾಲು ಕರೆಯುವುದೂ ಅದೇ ಹೊತ್ತಿಗೆ. ಕುರಿಯವರಿಗೆ ರಜೆ ಎಂಬುದು ಇಲ್ಲ. ಪಾಸನ್ನು ಅವಳು ಎಲೆ ಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು.

ಮೂರು ತಿಂಗಳಾದ ಮೇಲೆ ಕಂಪನಿ ಊರು ಬಿಟ್ಟಿತು. ಪೋಸ್ಟರುಗಳು ಗೋಡೆಯ ಮೇಲೇ ಉಳಿದವು. ಇನ್ನು ಕಾಯಬೇಕಾಗಿಲ್ಲ ಎಂದು ಕರಿಯಣ್ಣ ಹೇಳಿದ. ಹೌದು, ಕಾಯಬೇಕಾಗಿರಲಿಲ್ಲ. ಆದರೆ ಮೂರು ತಿಂಗಳು ಕಾದದ್ದನ್ನು ಆಡು ತಿನ್ನುವುದನ್ನು ನಿಂತು ನೋಡಲು ಗುತ್ಯಮ್ಮನಿಗೆ ಮನಸ್ಸಾಗಲಿಲ್ಲ. ಒಂದು ಕೊಡ ನೀರು ಹೊತ್ತುಕೊಂಡು ಹೋಗಿ ಒಂದೊಂದು ನಾಟಕದ್ದು ಒಂದೊಂದರಂತೆ ಬಿಡಿಸಿಕೊಂಡು ಬಂದಳು.

ಬಿಡಿಸುವ ಕ್ರಮವನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಮೊದಲ ನಾಲ್ಕು ಹರಿದುಹೋದವು, ಐದನೆಯದು ಬಂತು. ಬೆಳಗಿನ ತಂಪಿನಲ್ಲಿ ಕಾಗದಕ್ಕೆ ನೀರು ಚಿಮುಕಿಸಬೇಕು. ಒಂದು ಎಲೆ ಅಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಸುಮ್ಮನಿರಬೇಕು. ಆಮೇಲೆ ಮತ್ತೊಮ್ಮೆ ನೀರು. ಮೇಲಿನ ಅಂಚಿನಿಂದ, ಎರಡೂ ಕೈಯಲ್ಲಿ ಹಿಡಿದು, ಕೂಸಿನ ಮೈಯಿಂದ ಒದ್ದೆ ಬಟ್ಟೆ ತೆಗೆದ ಹಾಗೆ ತೆಗೆಯಬೇಕು. ಕೆಳಗಿನಿಂದ ಎಳೆಯುವುದು ಆಡಿನ ಬುದ್ಧಿ ಎಂದು ಅವಳು ಈಗಲೂ ಹೇಳುತ್ತಾಳೆ. ನೆರಳಿನಲ್ಲಿ ಒಣಗಿಸಿ, ಬಿದಿರಿನ ಗಳಕ್ಕೆ ಸುತ್ತಿ, ನಡುವೆ ಹುಳ ಬಾರದಂತೆ ಲಕ್ಕಿ ಸೊಪ್ಪು ಇಟ್ಟು, ಮೇಲೊಂದು ಹಳೆ ಕಂಬಳಿ ಹೊದಿಸಿ, ಹಟ್ಟಿಯ ಜಂತಿಗೆ ತೂಗುಹಾಕಿದಳು. ಮಗುವಿನ ಜೋಲಿಯ ಪಕ್ಕದಲ್ಲೇ. ಕರಿಯಣ್ಣ ಅದನ್ನು ನೋಡಿದ. ಜೋಲಿಯ ಹಗ್ಗವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಕಟ್ಟಿದ.

ಹಾಗೆ ಶುರುವಾಯಿತು. ಮುಂದಿನ ವರ್ಷ ಬೇರೆ ಕಂಪನಿ ಬಂತು, ಆಮೇಲೆ ಒಂದು ಸರ್ಕಸ್ಸು, ಆಮೇಲೆ ಬಾವಿಯಂಥ ಹಲಗೆಯ ಗೋಡೆಯ ಮೇಲೆ ಮೋಟಾರ್‌ಸೈಕಲ್ ಓಡಿಸುವವರು, ಜಾದೂಗಾರರು, ಟೆಂಟು ಸಿನಿಮಾದವರು. ಎಲ್ಲರ ಪೋಸ್ಟರನ್ನೂ ಅಂಟಿಸುತ್ತಿದ್ದವನು ಪರಶುರಾಮನೇ. ಕೊನೆಯಲ್ಲಿ ಬಿಡಿಸುತ್ತಿದ್ದವಳು ಗುತ್ಯಮ್ಮ. ಒಮ್ಮೆ ಮಾತ್ರ ಇಬ್ಬರಿಗೂ ಜಗಳವಾಯಿತು. "ಕೊನೆಯ ಮೂರು ದಿನ" ಎಂದು ಒಂದು ಕಂಪನಿ ಪೋಸ್ಟರ್ ಹಾಕಿತ್ತು. ಕರಿಯಣ್ಣ ಓದಿ ಹೇಳಿದ್ದ. ಗುತ್ಯಮ್ಮ ಬೆರಳು ಮಡಚಿ ಮೂರು ದಿನ ಎಣಿಸಿ, ನಾಲ್ಕನೆಯ ದಿನ ಬೆಳಿಗ್ಗೆ ಎಲ್ಲವನ್ನೂ ಬಿಡಿಸಿಬಿಟ್ಟಳು. ಕಂಪನಿಯವರು ಆ ಮೇಲೂ ನಲವತ್ತು ದಿನ ಇದ್ದರು. ಕೊನೆಯ ಮೂರು ದಿನ ಎಂದರೆ ಕೊನೆಯ ಮೂರು ದಿನ ಅಲ್ಲ, ಅದು ಜನ ಬರಲಿ ಅಂತ ಬರೆಯುವುದು ಎಂದು ಪರಶುರಾಮ ಹಟ್ಟಿಗೇ ಬಂದು ವಿವರಿಸಬೇಕಾಯಿತು. ಗುತ್ಯಮ್ಮ ರಾಗಿ ಅಂಬಲಿ ಕಾಯಿಸಿ ಎಲ್ಲವನ್ನೂ ಮತ್ತೆ ಅಂಟಿಸಿದಳು. ಚಿತ್ರವಿಲ್ಲದೆ ಬರೀ ಅಕ್ಷರವಿದ್ದ ಒಂದು ತಲೆಕೆಳಗಾಯಿತು. ಅದನ್ನು ಓದಲು ಜನ ಕತ್ತು ಓರೆಮಾಡಿಕೊಂಡು ನಿಂತರು. ಆ ದಿನ ಟೆಂಟು ತುಂಬಿತು ಎಂದು ಪರಶುರಾಮ ಇಂದಿಗೂ ಹೇಳುತ್ತಾನೆ.

ಅಂದಿನಿಂದ ಗುತ್ಯಮ್ಮ ಬರೆದದ್ದನ್ನು ನಂಬುವುದು ಬಿಟ್ಟಳು. ಟೆಂಟಿನ ಗೂಟ ಕೀಳುವುದನ್ನು ಕಣ್ಣಾರೆ ನೋಡದೆ ಕಾಗದಕ್ಕೆ ನೀರು ಮುಟ್ಟಿಸುತ್ತಿರಲಿಲ್ಲ.

ವರ್ಷಗಳು ಹೋದವು. ಆಡು ಕುರಿ ಹುಟ್ಟಿದವು, ಸತ್ತವು, ಮಾರಿಹೋದವು. ಮಗ ನವೀನ್ ಕುರಿಗಳ ಜವಾಬ್ದಾರಿ ವಹಿಸಿಕೊಂಡ. ಸೊಸೆ ಸುಮಾ ಬಂದಳು. ಜಂತಿಯಲ್ಲಿ ತೂಗುವ ಕಂಬಳಿಯ ಸುರುಳಿಗಳು ಒಂದಿದ್ದದ್ದು ಒಂಬತ್ತಾದವು. ಜೀಪಿನಿಂದ ಎಸೆಯುತ್ತಿದ್ದ ಗುಲಾಬಿ, ಹಳದಿ ಬಣ್ಣದ ಹ್ಯಾಂಡ್‌ಬಿಲ್ಲುಗಳಿಗೆ ಒಂದು ಟ್ರಂಕು ಬೇರೆ ಆಯಿತು. ಮದುವೆಯಾಗಿ ಬಂದ ಹೊಸತರಲ್ಲಿ ಸುಮಾ, ಇದೆಲ್ಲ ಏನು ಅತ್ತೆ ಎಂದು ಕೇಳಿದ್ದಳು. ಗುತ್ಯಮ್ಮ ಒಂದು ಸುರುಳಿ ಬಿಚ್ಚಿ ತೋರಿಸಿದಳು. ಒಳಗೆ ಎಂಟಡಿ ಎತ್ತರದ ಒಬ್ಬ ವಿದೂಷಕ ಇದ್ದ.

ಇಷ್ಟೆಲ್ಲ ಕೂಡಿಟ್ಟವಳು ಒಂದು ಆಟವನ್ನೂ ನೋಡಿರಲಿಲ್ಲ. ಅವಳಿಗೆ ಅದರ ಬಗ್ಗೆ ದುಃಖವೇನೂ ಇದ್ದಂತಿರಲಿಲ್ಲ. ಟೆಂಟಿನ ಹೊರಗೆ ನಿಂತರೆ ಒಳಗಿನ ನಗು ಕೇಳುತ್ತಿತ್ತು. ಯಾತಕ್ಕೆ ನಕ್ಕರು ಎಂಬುದು ತಿಳಿಯುತ್ತಿರಲಿಲ್ಲ, ಅಷ್ಟೇ.

ಆಮೇಲೆ ಫ್ಲೆಕ್ಸ್ ಬಂತು. ಪರಶುರಾಮನ ಕೆಲಸ ಹೋಯಿತು. ಗುತ್ಯಮ್ಮ ಒಂದು ಫ್ಲೆಕ್ಸನ್ನು ತಂದು ಎರಡು ದಿನ ಜಂತಿಗೆ ಹಾಕಿ ನೋಡಿ, ಮೂರನೆಯ ದಿನ ಕುರಿಮರಿಗಳ ಗೂಡಿಗೆ ಮರೆ ಕಟ್ಟಿದಳು. ಆಡುಗಳೂ ಅದನ್ನು ಮೂಸಿ ಬಿಟ್ಟವು.

ನಾಲ್ಕು ವರ್ಷದ ಹಿಂದೆ ರಸ್ತೆ ಅಗಲ ಮಾಡಲು ಗಿರಣಿಯ ಗೋಡೆ ಕೆಡಹುತ್ತಾರೆ ಎಂಬ ಸುದ್ದಿ ಹಟ್ಟಿಗೆ ಬಂತು. ಗುತ್ಯಮ್ಮ ಆ ಗೋಡೆಯಿಂದ ತೆಗೆದದ್ದು ಒಂದೊಂದು ಆಟದ್ದು ಒಂದು ಮಾತ್ರ. ಉಳಿದವು ಒಂದರ ಮೇಲೊಂದು ಕೂತು, ಮಳೆ ಬಿಸಿಲು ತಿಂದು, ಎರಡು ಬೆರಳು ದಪ್ಪದ ಚಕ್ಕಳವಾಗಿದ್ದವು. ಅವಳು ಬರುವ ಮೊದಲಿನವೂ ಅದರ ಅಡಿಯಲ್ಲಿ ಇದ್ದವು. ಕೊಡ ಹಿಡಿದು ಹೋದಳು. ಅಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದ ಸೂಪರ್‌ವೈಸರ್ ಶಿವಶಂಕರ, ಗೋಡೆ ಮುಟ್ಟಬೇಕಾದರೆ ಅರ್ಜಿ ಬೇಕು ಎಂದ.

ಸುಮಾ ಅರ್ಜಿ ಬರೆದಳು. ವಿಷಯ: ಗೋಡೆಗೆ ಅಂಟಿದ ಕಾಗದ ಬಿಡಿಸಿಕೊಳ್ಳಲು ಅನುಮತಿ ಕೋರಿ. ಗುತ್ಯಮ್ಮ ಹೆಬ್ಬೆಟ್ಟು ಒತ್ತಿದಳು. ಶಿವಶಂಕರ ಅದನ್ನು ಎರಡು ಸಲ ಓದಿದ. ಅವನು ಒಳ್ಳೆಯ ಮನುಷ್ಯ, ಆದರೆ ಕಾಗದಪತ್ರದಲ್ಲಿ ಬಿಗಿ. ಗೋಡೆ ಸರ್ಕಾರದ ವಶಕ್ಕೆ ಬಂದಿದೆ, ಸರಿ. ಆದರೆ ಕಾಗದ ಅಂಟಿಸಿದವರದು. ಅಂಟಿಸಿದವರ ಒಪ್ಪಿಗೆ ಇಲ್ಲದೆ ತಾನು ಹೇಗೆ ಕೊಡಲಿ ಎಂದು ಅವನು ಕೇಳಿದ. ಗುತ್ಯಮ್ಮ ಹೋಗಿ ಅಂಟಿಸಿದವನನ್ನೇ ಕರೆದುಕೊಂಡು ಬಂದಳು. ಪರಶುರಾಮ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಈ ಗೋಡೆಯ ಮೇಲಿನದೆಲ್ಲ ತನ್ನ ಕೈಯದು, ಅಡಿಯ ಹತ್ತು ಪದರ ತನ್ನ ಅಪ್ಪನದು ಎಂದು ಹೇಳಿಕೆ ಕೊಟ್ಟ. ಶಿವಶಂಕರ ಈಗ ನಿಜವಾಗಿಯೂ ಯೋಚನೆಗೆ ಬಿದ್ದ. ಕಡೆಗೆ ತನ್ನ ಕಡತದಲ್ಲಿ ಹುಡುಕಿ ಒಂದು ದಾರಿ ಕಂಡುಕೊಂಡ. ಕೆಡಹುವ ಮೊದಲು ಧೂಳು ಏಳದಂತೆ ಗೋಡೆಗೆ ನೀರು ಹಾಕಬೇಕು ಎಂದು ಕರಾರಿನಲ್ಲಿ ಇತ್ತು. ಯಾರು ಹಾಕಬೇಕು ಎಂದು ಇರಲಿಲ್ಲ.

ಎರಡು ದಿನ ಗುತ್ಯಮ್ಮ ಗೋಡೆಗೆ ನೀರು ಹಾಕಿದಳು. ಮೂರನೆಯ ದಿನ ಬೆಳಿಗ್ಗೆ ಚಕ್ಕಳ ಮೇಲಿನ ಅಂಚಿನಲ್ಲಿ ಸಡಿಲವಾಯಿತು. ಅವಳೂ ಪರಶುರಾಮನೂ ಸುಮಾಳೂ ಹಿಡಿದು ಇಳಿಸಿದರು. ಒದ್ದೆ ಕಂಬಳಿಯಷ್ಟು ಭಾರ. ಹನ್ನೊಂದು ತುಂಡಾಗಿ ಬಂತು. ಜೆಸಿಬಿಯವನು ಯಂತ್ರ ನಿಲ್ಲಿಸಿ ಇಳಿದುಬಂದು ನೋಡಿದ. ಬರೀ ಗೋಡೆ ಮಾತ್ರ ಉಳಿದಾಗ, ಇಷ್ಟೇ ಸಣ್ಣ ಗೋಡೆನಾ ಇದು ಎಂದ.

ಹಟ್ಟಿಯಲ್ಲಿ ಕುರಿಗಳಿಗೆ ನೀರು ಕುಡಿಸುವ ಉದ್ದನೆಯ ತೊಟ್ಟಿ ಇತ್ತು. ಚಕ್ಕಳದ ತುಂಡುಗಳನ್ನು ಅದರಲ್ಲಿ ನೆನೆಹಾಕಿ ಪದರ ಬಿಡಿಸಲು ಒಂದು ಬೇಸಗೆ ಹಿಡಿಯಿತು. ಕುರಿಗಳು ಅಷ್ಟು ದಿನ ಬಕೆಟ್ಟಿನಲ್ಲಿ ಕುಡಿದವು. ಮೇಲೆ ಸಿನಿಮಾ, ಅದರ ಕೆಳಗೆ ನಾಟಕ, ಅದರ ಕೆಳಗೆ ಸರ್ಕಸ್ಸು, ನಡುವೆ ಅಲ್ಲಲ್ಲಿ ಕುಟುಂಬ ಯೋಜನೆಯ ಪೋಸ್ಟರು. ಹರಿದವು ಹೆಚ್ಚು, ಪೂರ್ತಿ ಬಂದದ್ದು ಐವತ್ತೆರಡು. ಹಗ್ಗದ ಮೇಲೆ ಒಣಹಾಕಿದ್ದನ್ನು ಸುಮಾ ಫೋನಿನಲ್ಲಿ ಫೋಟೋ ತೆಗೆದು ಸ್ಟೇಟಸ್ ಹಾಕಿದಳು. ಯಾರೋ ಕಳಿಸಿದ ಆ ಫೋಟೋ ನೋಡಿ, ಸೊರಬದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಮಧುಶ್ರೀ ಎಂಬ ಮೇಡಂ ಮಾರನೆಯ ವಾರವೇ ಬಸ್ಸು ಹತ್ತಿ ಬಂದಳು.

ಮಧುಶ್ರೀ ಬ್ಯಾಗಿನಿಂದ ಬಿಳಿ ಕೈಗವಸು ತೆಗೆದು ಹಾಕಿಕೊಂಡಳು. ಕೈಗೆ ಏನಾಗಿದೆ ಎಂದು ಗುತ್ಯಮ್ಮ ಸುಮಾಳನ್ನು ಮೆಲ್ಲಗೆ ಕೇಳಿದಳು. ಬಿದಿರಿನ ಗಳ, ಲಕ್ಕಿ ಸೊಪ್ಪು, ಕಂಬಳಿ ಇವನ್ನೆಲ್ಲ ನೋಡಿದ ಮಧುಶ್ರೀ, ದೊಡ್ಡ ಊರಿನ ವಸ್ತುಸಂಗ್ರಹಾಲಯದವರೂ ಮಡಚಬೇಡಿ, ಸುತ್ತಿಡಿ ಅಂತಲೇ ಹೇಳುತ್ತಾರೆ ಎಂದಳು. ಬಳಸದ ಪಾಸನ್ನು ಕಂಡಾಗ ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದಳು. ಪಾಸುಗಳನ್ನು ಬಾಗಿಲಲ್ಲೇ ಹರಿದುಬಿಡುತ್ತಿದ್ದರಂತೆ, ಹೀಗೆ ಇಡಿಯಾಗಿ ಸಿಗುವುದೇ ಇಲ್ಲವಂತೆ. ಯಾಕೆ ಬಳಸಲಿಲ್ಲ ಎಂದು ಕೇಳಿದಳು.

"ಹಾಲು ಕರಿಯೋ ಹೊತ್ತು," ಎಂದಳು ಗುತ್ಯಮ್ಮ.

ಒಂದು ತೊಡಕು ಇತ್ತು. ಪೋಸ್ಟರುಗಳಲ್ಲಿ ತಾರೀಖು ಇತ್ತು, ವಾರ ಇತ್ತು, ಇಸವಿ ಇರಲಿಲ್ಲ. ನಾಳೆ ಆಟ ಇರುವವರು ಇಸವಿ ಯಾಕೆ ಹಾಕುತ್ತಾರೆ? ಮಧುಶ್ರೀಗೆ ಇಸವಿಯೇ ಬೇಕಾಗಿತ್ತು. ಗುತ್ಯಮ್ಮನಿಗೆ ಎಲ್ಲ ನೆನಪಿತ್ತು, ಆದರೆ ಅವಳ ಲೆಕ್ಕ ಬೇರೆ. ಇದು ಕುರಿಗಳಿಗೆ ನೀಲಿ ನಾಲಿಗೆ ರೋಗ ಬಂದ ವರ್ಷದ್ದು. ಇದು ಕರಿ ಟಗರು ಬಾವಿಗೆ ಬಿದ್ದ ಮುಂದಿನ ವರ್ಷದ್ದು. ಇದು ಒಂದೇ ಆಡು ನಾಲ್ಕು ಮರಿ ಹಾಕಿತಲ್ಲ, ಆ ಸಲದ್ದು. ಮಧುಶ್ರೀ ಎಲ್ಲವನ್ನೂ ಬರೆದುಕೊಂಡು, ದನದ ಡಾಕ್ಟರ ಹತ್ತಿರ ಹೋಗಿ ಯಾವ ರೋಗ ಯಾವ ವರ್ಷ ಬಂದಿತ್ತು ಎಂದು ಹಳೆ ರಿಜಿಸ್ಟರ್ ತೆಗೆಸಿ, ಹಳೆ ಪಂಚಾಂಗದ ವಾರದ ಜೊತೆ ತಾಳೆ ನೋಡಿದಳು. ಮೂರಕ್ಕೆ ಎರಡು ಸರಿ ಕೂತವು. ಕುರಿಯ ರೋಗದಿಂದ ಸರ್ಕಸ್ಸಿನ ಇಸವಿ ಹಿಡಿದವಳು ತಾನೊಬ್ಬಳೇ ಇರಬೇಕು ಎಂದು ಅವಳು ಸುಮಾಳ ಹತ್ತಿರ ಹೇಳಿದಳಂತೆ. ಕುಟುಂಬ ಯೋಜನೆಯ ಪೋಸ್ಟರುಗಳನ್ನು ಅವಳು ಮನರಂಜನೆ ಅಲ್ಲ ಎಂದು ಬೇರೆ ಇಟ್ಟಳು. ಗುತ್ಯಮ್ಮ ಒಪ್ಪಲಿಲ್ಲ. ಅವೂ ಅದೇ ಗೋಡೆಯ ಮೇಲೆ ಇದ್ದವು, ಅವನ್ನೂ ಜನ ನಿಂತು ನೋಡುತ್ತಿದ್ದರು. ಕೊನೆಗೆ ಅವೂ ಪಟ್ಟಿಗೆ ಸೇರಿದವು. ಒಟ್ಟು ಇನ್ನೂರ ಅರವತ್ತಾರು.

ಕಳೆದ ವರ್ಷ ಮಾಘ ಮಾಸದಲ್ಲಿ ಸೊರಬದ ಒಂದು ಸಮುದಾಯ ಭವನದಲ್ಲಿ ಇವನ್ನೆಲ್ಲ ಜನರಿಗೆ ತೋರಿಸುವುದು ಎಂದಾಯಿತು. ಪ್ರಚಾರಕ್ಕೆ ಮಧುಶ್ರೀ ಒಂದು ಹಳೆಯ ಸರ್ಕಸ್ ಪೋಸ್ಟರನ್ನು ಹಾಗೆಯೇ ನಕಲು ಮಾಡಿಸಿದಳು. ಗ್ರೇಟ್ ಮಂದಾರ ಸರ್ಕಸ್. ಏಳು ಸಿಂಹ, ಹಗ್ಗದ ಮೇಲೆ ನಡೆಯುವ ಹುಡುಗಿ, ಲಿಂಗಕ್ಕೆ ನೀರೆರೆಯುವ ಆನೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಹಳೆಯ ಭಿತ್ತಿಪತ್ರಗಳ" ಎಂದೂ, ದೊಡ್ಡ ಅಕ್ಷರದಲ್ಲಿ "ಪ್ರದರ್ಶನ, ಶನಿವಾರ ಮಧ್ಯಾಹ್ನ ಮೂರಕ್ಕೆ" ಎಂದೂ ಹಾಕಿಸಿದಳು. ಅಂಟಿಸಲು ಪರಶುರಾಮನನ್ನೇ ಕರೆಸಿದಳು. ಎಪ್ಪತ್ತು ದಾಟಿದ್ದ ಪರಶುರಾಮ ಮೈದಾ ಅಂಟು ಕಾಯಿಸಿ, ಬಾಡಿಗೆ ಆಟೋದಲ್ಲಿ ಏಣಿ ಹಾಕಿಕೊಂಡು, ಸೊರಬದಿಂದ ಕುಬಟೂರಿನವರೆಗೆ ಅರವತ್ತು ಅಂಟಿಸಿದ. ಒಂದರ ಅಂಚೂ ಎದ್ದಿರಲಿಲ್ಲ.

ಶನಿವಾರ ಎರಡೂವರೆಗೆ ಕುಬಟೂರಿನ ಕಡೆಯಿಂದ ಎರಡು ಲಗೇಜ್ ಆಟೋ, ಒಂದು ಟೆಂಪೋ ಬಂದು ಭವನದ ಮುಂದೆ ನಿಂತವು. ಇಳಿದವರು ಹತ್ತಿರ ಹತ್ತಿರ ಎಪ್ಪತ್ತು ಜನ. ಮಕ್ಕಳಿಗೆ ಹೊಸ ಬಟ್ಟೆ ಹಾಕಿಸಿದ್ದರು. ಕೆಲವರು ಮಂಡಕ್ಕಿ ಕಟ್ಟಿಕೊಂಡು ಬಂದಿದ್ದರು. ಅವರು ಭವನದ ಹಿಂದಕ್ಕೆ ಹೋಗಿ ನೋಡಿದರು, ಪಕ್ಕದ ಬಯಲನ್ನು ನೋಡಿದರು, ಮತ್ತೆ ಮುಂದಕ್ಕೆ ಬಂದು ಟೆಂಟು ಎಲ್ಲಿ ಹಾಕಿದ್ದೀರಿ ಎಂದು ಕೇಳಿದರು.

ಮಧುಶ್ರೀ ಬಾಗಿಲಲ್ಲಿ ನಿಂತು ವಿವರಿಸಿದಳು. ಇದು ಸರ್ಕಸ್ ಅಲ್ಲ, ಸರ್ಕಸ್ಸಿನ ಪೋಸ್ಟರುಗಳ ಪ್ರದರ್ಶನ. ಅವರಲ್ಲಿ ಮಲ್ಲೇಶಪ್ಪ ಎಂಬ ಒಬ್ಬ ರೈತ, ಪ್ರದರ್ಶನ ಅಂದರೆ ಆಟ ತಾನೆ ಎಂದು ಕೇಳಿದ. ಅದೂ ಹೌದು ಎಂದಳು ಮಧುಶ್ರೀ. ಮತ್ತೆ ಆಟ ಎಲ್ಲಿ ಎಂದ ಅವನು. ಅವನ ಮಾತಿನಲ್ಲಿ ಜಗಳವಿರಲಿಲ್ಲ. ಕನ್ನಡದ ಒಂದು ಪದಕ್ಕೆ ಎರಡು ಅರ್ಥ ಇರುವುದಕ್ಕೆ ಮಧುಶ್ರೀ ಏನು ಮಾಡಬೇಕು? ಅವಳು ಒಳಗೆ ಕುರ್ಚಿಯಲ್ಲಿ ಕೂತಿದ್ದ ಗುತ್ಯಮ್ಮನ ಕಡೆ ನೋಡಿದಳು.

ಗುತ್ಯಮ್ಮ ಎದ್ದು ಬಂದಳು. ಹೊಸ ಸೀರೆ ಸುಮಾಳ ಆಯ್ಕೆ, ಸೆರಗು ನಿಲ್ಲುತ್ತಿರಲಿಲ್ಲ. ಬಿಸಿಲಲ್ಲಿ ಮಕ್ಕಳನ್ನು ಯಾಕೆ ನಿಲ್ಲಿಸಿಕೊಂಡಿದ್ದೀರಿ, ಒಳಗೆ ಬನ್ನಿ ಎಂದು ಎಲ್ಲರನ್ನೂ ಕರೆದಳು. ಅವರು ಬಂದು ಮಂದಾರ ಸರ್ಕಸ್ಸಿನ ನಿಜವಾದ ಪೋಸ್ಟರಿನ ಮುಂದೆ ನೆಲದ ಮೇಲೆ ಕೂತರು. ಗುತ್ಯಮ್ಮ ಅದರ ಪಕ್ಕದಲ್ಲಿ ನಿಂತು, ಕೋಲಿನ ತುದಿಯಿಂದ ತೋರಿಸುತ್ತ ಹೇಳತೊಡಗಿದಳು. ಇದು ಆನೆ, ಲಿಂಗಕ್ಕೆ ನೀರು ಹಾಕುತ್ತದೆ. ಇವಳು ಹಗ್ಗದ ಮೇಲೆ ನಡೆಯುವವಳು. ಇವು ಸಿಂಹ, ಏಳು ಸಿಂಹ, ಬೆಂಕಿಯ ಬಳೆಯೊಳಗೆ ಒಂದರ ಹಿಂದೊಂದು ಹಾರುತ್ತವೆ. ಅವಳು ಹೇಳುವುದು ಕೇಳಿದರೆ ನೋಡಿದವಳೇ ಹೇಳಿದಂತಿತ್ತು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದವು.

ನಡುವೆ ಕೂತಿದ್ದ ಒಬ್ಬಳು ಮುದುಕಿ ಕೈ ಎತ್ತಿದಳು. ಅಕ್ಕನಾಗಮ್ಮ ಎಂದು ಹೆಸರು, ಗುತ್ಯಮ್ಮನದೇ ವಯಸ್ಸು. ಮೊಮ್ಮಕ್ಕಳ ಜೊತೆ ಬಂದಿದ್ದಳು.

"ಏಳ್ ಸಿಂಹ ಎಲ್ಲಿತ್ತು ಮಾರಾಯ್ತಿ. ಒಂದೇ ಸಿಂಹ ಇದ್ದದ್ದು. ನಾನು ನೋಡಿದ್ದೆ."

ಗುತ್ಯಮ್ಮ ಪೋಸ್ಟರಿನ ಕಡೆ ತಿರುಗಿ ಕೋಲಿನಿಂದ ಒಂದೊಂದಾಗಿ ಎಣಿಸಿದಳು. ಏಳೇ ಇದ್ದವು.

"ಕಾಗದದಾಗೆ ಏಳು ಅದಾವೆ."

"ಕಾಗದದಲ್ಲಿ ಇರಬಹುದು. ಅಲ್ಲಿ ಒಂದೇ ಮುದಿ ಸಿಂಹ. ಒಳಗೆ ಹೋಗಿ ಹೋಗಿ ಏಳ್ ಸರ್ತಿ ಬಂತು."

ಗುತ್ಯಮ್ಮ ಬೆರಳು ಮಡಚಿ ಎಣಿಸಿದಳು. "ಹಂಗಾರೆ ಏಳೇ ಆತು," ಎಂದಳು.

ಯಾರೋ ನಕ್ಕರು. ಅಕ್ಕನಾಗಮ್ಮನೂ ನಕ್ಕಳು. ಗುತ್ಯಮ್ಮ ನಗಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲದ ಮೇಲೆ ಅಕ್ಕನಾಗಮ್ಮನ ಎದುರಿಗೆ ಬಂದು ಕೂತಳು. ತಾನು ಈ ಆಟ ನೋಡಿಲ್ಲ, ಯಾವ ಆಟವನ್ನೂ ನೋಡಿಲ್ಲ ಎಂದು ಎಲ್ಲರ ಮುಂದೆ ಹೇಳಿದಳು. ಮಧುಶ್ರೀಗೂ ಅದು ಆ ಕ್ಷಣದವರೆಗೆ ಗೊತ್ತಿರಲಿಲ್ಲ.

"ನೀ ಹೇಳು," ಎಂದಳು. "ಹಗ್ಗದ ಮ್ಯಾಲಿನ ಹುಡುಗಿ ಹೆಂಗಿದ್ಲು?"

ಅಕ್ಕನಾಗಮ್ಮ ಹೇಳಿದಳು. ಅವಳಿಗೆ ಆಗಷ್ಟೇ ಮದುವೆಯಾಗಿತ್ತು, ಗಂಡನ ಕಡೆಯವರು ಗಾಡಿ ಕಟ್ಟಿಕೊಂಡು ಹೋಗಿದ್ದರು. ಹಗ್ಗದ ಹುಡುಗಿ ಅವಳಷ್ಟೇ ವಯಸ್ಸಿನವಳು. ಏಣಿ ಹತ್ತುವ ಮೊದಲು ನೆಲ ಮುಟ್ಟಿ ನಮಸ್ಕಾರ ಮಾಡಿದಳು. ಕೈಯ ಬಳೆಗಳನ್ನು ತೆಗೆದು ಜೋಕರನ ಕೈಗೆ ಕೊಟ್ಟಳು. ಜೋಕರ ಎಲ್ಲರನ್ನೂ ನಗಿಸುವವನು, ಆ ಬಳೆ ಹಿಡಿದುಕೊಂಡಷ್ಟು ಹೊತ್ತು ಮಾತ್ರ ನಗಿಸಲಿಲ್ಲ, ಕತ್ತು ಮೇಲೆತ್ತಿ ನಿಂತಿದ್ದ. ಅವಳು ಇಳಿದುಬಂದಳು. ಜನ ಚಪ್ಪಾಳೆ ಹೊಡೆಯುತ್ತಲೇ ಇದ್ದರು, ಅವಳು ಯಾರನ್ನೂ ನೋಡದೆ ಬಳೆಗಳನ್ನು ಒಂದೊಂದಾಗಿ ಎಣಿಸಿ ಹಾಕಿಕೊಂಡಳು.

"ಎಂಥ ಬಳೆ?" ಎಂದು ಕೇಳಿದಳು ಗುತ್ಯಮ್ಮ.

"ಹಸಿರು. ಗಾಜಿಂದು."

ಗುತ್ಯಮ್ಮ ತಿರುಗಿ ಪೋಸ್ಟರ್ ನೋಡಿದಳು. ಅದರಲ್ಲಿ ಹುಡುಗಿಯ ಎರಡೂ ಕೈ ಚಾಚಿದ್ದವು, ಬರಿದಾಗಿದ್ದವು. ಆ ಕೈಗಳನ್ನು ಅವಳು ಎಷ್ಟು ವರ್ಷದಿಂದ ನೋಡುತ್ತಿದ್ದಳೋ. ಬಡವರ ಮನೆಯ ಹುಡುಗಿ ಇರಬೇಕು, ಬಳೆಗೂ ಗತಿಯಿಲ್ಲ ಎಂದುಕೊಂಡಿದ್ದಳು. ಕಣ್ಣಿನಲ್ಲಿ ನೀರು ಬಂತು. ಹೊಸ ಸೀರೆಯ ಸೆರಗಿನಲ್ಲಿ ಒರೆಸಿಕೊಳ್ಳಲು ಹೋದಳು. ಅದು ನೀರು ಹೀರುವ ಬಟ್ಟೆಯಲ್ಲ, ಮುಖಕ್ಕೆಲ್ಲ ಹರಡಿತು.

ಕುಬಟೂರಿನವರು ಐದೂವರೆಯವರೆಗೆ ಇದ್ದರು. ಮಂಡಕ್ಕಿ ಅಲ್ಲೇ ಖಾಲಿಯಾಯಿತು. ಹೊರಡುವಾಗ ಮಲ್ಲೇಶಪ್ಪ, ಮುಂದಿನ ಆಟ ಯಾವತ್ತು ಎಂದು ಕೇಳಿಕೊಂಡು ಹೋದ.

ಆ ದಿನವೇ ಗುತ್ಯಮ್ಮ ಮಧುಶ್ರೀಗೆ ಹೇಳಿ ಪಟ್ಟಿಯಲ್ಲಿ ಇನ್ನೊಂದು ಕಾಲಂ ಎಳೆಸಿದಳು: ನೋಡಿದವರು. ಒಂದೊಂದು ಪೋಸ್ಟರಿಗೆ, ಆ ಆಟವನ್ನು ಕಣ್ಣಾರೆ ನೋಡಿದ ಒಬ್ಬರಾದರೂ ಸಿಗಬೇಕು. ಅವರು ಹೇಳಿದ್ದನ್ನು ಬರೆದು ಕಾಗದದ ಜೊತೆಗೇ ಇಡಬೇಕು. ಪೋಸ್ಟರುಗಳು ಈಗ ಸೊರಬದಲ್ಲಿ ಮಧುಶ್ರೀ ಗೊತ್ತುಮಾಡಿಸಿದ ಒಂದು ಕೋಣೆಯಲ್ಲಿ, ಬಿದಿರಿನ ಗಳದ ಮೇಲೇ ಇವೆ. ಗುತ್ಯಮ್ಮ ಮಾತ್ರ ಅರವತ್ತಾರನೆಯ ವಯಸ್ಸಿನಲ್ಲಿ ಬಸ್ಸು ಹತ್ತಿ ಊರೂರು ತಿರುಗುತ್ತಾಳೆ, ಸುಮಾ ಬರೆದುಕೊಳ್ಳಲು ಜೊತೆಗಿರುತ್ತಾಳೆ. ಈಸೂರಿನಲ್ಲಿ ರಾಜೇಶ್ವರಮ್ಮ ಎಂಬ ಹೆಂಗಸು ಸಿಕ್ಕಳು. "ಬೀಗರ ಎತ್ತು ಬೆದರೀತು" ನಾಟಕವನ್ನು ಅವಳು ಏಳು ಸಲ ನೋಡಿದ್ದಳು. ಪೂರ್ತಿ ಕತೆಯನ್ನು ಮಾತು ಮಾತು ಸಮೇತ ಆಡಿ ತೋರಿಸಿದಳು, ಎರಡು ಗಂಟೆ ಹಿಡಿಯಿತು. ಗುತ್ಯಮ್ಮ ಕೊನೆಯವರೆಗೆ ಕೂತು ಕೇಳಿದಳು. ಎತ್ತು ಬರಲೇ ಇಲ್ಲವಲ್ಲ ಎಂದಳು. ಎತ್ತು ಪರದೆಯ ಹಿಂದೆ ಕೂಗುತ್ತದೆ ಅಷ್ಟೇ ಎಂದು ರಾಜೇಶ್ವರಮ್ಮ ಸಮಾಧಾನ ಹೇಳಿದಳು.

ಇಲ್ಲಿಯವರೆಗೆ ತೊಂಬತ್ತೆಂ‌ಟು ಪೋಸ್ಟರುಗಳಿಗೆ ನೋಡಿದವರು ಸಿಕ್ಕಿದ್ದಾರೆ. ಕೆಲವಕ್ಕೆ ಸಿಗುವುದಿಲ್ಲ, ನೋಡಿದವರೆಲ್ಲ ತೀರಿಕೊಂಡಿದ್ದಾರೆ. ಒಂದರ ಸಂಗತಿ ಮಾತ್ರ ಬೇರೆ. ಕುರಿಗಳಿಗೆ ಸಿಡುಬು ಬಂದ ವರ್ಷ ಶಿಕಾರಿಪುರದಲ್ಲಿ ಹನ್ನೊಂದು ದಿನ ನಡೆದ, ಗಂಡಸರಷ್ಟೇ ಹೋಗುತ್ತಿದ್ದ ರೆಕಾರ್ಡ್ ಡ್ಯಾನ್ಸಿನ ಪೋಸ್ಟರು ಅದು. ಬಣ್ಣ ಸ್ವಲ್ಪವೂ ಮಾಸಿಲ್ಲ. ಹನ್ನೊಂದು ದಿನವೂ ಟೆಂಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಹೊರಗಿನಿಂದ ಸದ್ದು ಕೇಳಿ ತನಗೆ ಗೊತ್ತು ಎಂದು ಪರಶುರಾಮ ಹೇಳುತ್ತಾನೆ. ಗುತ್ಯಮ್ಮ ಎರಡು ತಾಲ್ಲೂಕಿನಲ್ಲಿ ವಿಚಾರಿಸಿದಳು. ನೋಡಿದವರು ಒಬ್ಬರೂ ಇಲ್ಲ. ಎಲ್ಲರೂ ಆ ವಾರ ಬೇರೆ ಊರಿಗೆ ಹೋಗಿದ್ದರು.

ಒಂದು ದಿನ ಬೆಳಿಗ್ಗೆ ಹಟ್ಟಿಯಲ್ಲಿ ಕರಿಯಣ್ಣನನ್ನೂ ಕೇಳಿದಳು. ಅವನು ಕೂತಲ್ಲಿಂದ ಎದ್ದು, ಟಗರಿಗೆ ನೀರು ಇಡಬೇಕು ಎಂದು ಹೊರಗೆ ಹೋದ. ತೊಟ್ಟಿ ತುಂಬಿತ್ತು. ಅವನು ಅದಕ್ಕೇ ಇನ್ನೊಂದು ಕೊಡ ನೀರು ಸುರಿದ. ಸುಮಾ ಪೆನ್ನು ಹಿಡಿದುಕೊಂಡೇ ಕೂತಿದ್ದಳು. ಆ ಸಾಲು ಸದ್ಯಕ್ಕೆ ಖಾಲಿ ಇರಲಿ ಎಂದು ಗುತ್ಯಮ್ಮ ಹೇಳಿ, ಚಹಾಕ್ಕೆ ಹಾಲು ಇಡಲು ಎದ್ದಳು.